ಸವಾರಿ ಆಮೇಲೆ, ಮೊದಲು ಲದ್ದಿ: ಮಕ್ಕಳನ್ನು ಕುದುರೆ ಜೊತೆ ಮಣ್ಣಿಗೆ ಇಳಿಸುವುದು ಹೇಗೆ

ಕುದುರೆ ಅಂದ ಕೂಡಲೇ ಮಕ್ಕಳು ಕೇಳುವುದು ಒಂದೇ ಪ್ರಶ್ನೆ: "ಮೇಲೆ ಕೂರಿಸ್ತೀರಾ?" ದೊಡ್ಡವರೂ ಅಷ್ಟೇ. ದುಡ್ಡು ಕೊಟ್ಟು ಒಂದು ಸುತ್ತು ಹಾಕಿಸಿ, ಫೋಟೊ ತೆಗೆದು, ಮನೆಗೆ ಹೊರಟುಬಿಡುತ್ತಾರೆ. ಆ ಕುದುರೆ ಬೆಳಿಗ್ಗೆ ಏನು ತಿಂದಿತು, ಎಷ್ಟು ನೀರು ಕುಡಿಯಿತು, ಅದರ ಲದ್ದಿ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಮಗು ಕಲಿಯಬೇಕಾದದ್ದೆಲ್ಲ ಇರುವುದು ಅಲ್ಲೇ.

ತುಮಕೂರಿನ ಹತ್ತಿರ ನಮ್ಮ ತೋಟದಲ್ಲಿ ರಜೆಯ ಬೆಳಿಗ್ಗೆಗಳಲ್ಲಿ ಮಕ್ಕಳನ್ನು ಕುದುರೆಯ ಜೊತೆ ಕೆಲಸಕ್ಕೆ ಹಚ್ಚುತ್ತೇವೆ. ಹುಲ್ಲು ಕುದುರೆಗೆ, ಲದ್ದಿ ಮಣ್ಣಿಗೆ, ಮಣ್ಣಿನಿಂದ ಸೊಪ್ಪು ಮತ್ತು ಹುರುಳಿ, ಹುರುಳಿ ಮತ್ತೆ ಕುದುರೆಗೂ ನಮ್ಮ ತಟ್ಟೆಗೂ. ಈ ಸುತ್ತು ಮಗುವಿನ ಕೈಯಲ್ಲೇ ಒಂದು ಸಲ ಪೂರ್ತಿ ಆಗಬೇಕು. ಸವಾರಿ ಕೊನೆಗೆ ಬಂದರೆ ಬರಲಿ, ಬರದಿದ್ದರೂ ನಷ್ಟವಿಲ್ಲ.

ಇದನ್ನು ಹಸುವಿನ ಜೊತೆ ಮಾಡಬಾರದಾ? ಖಂಡಿತ ಮಾಡಬಹುದು. ಮನೆಯಲ್ಲಿ ಹಸು ಇದ್ದರೆ ಅಲ್ಲಿಂದಲೇ ಶುರು ಮಾಡಿ. ಆದರೆ ಕುದುರೆಗೆ ಒಂದು ಗುಣವಿದೆ. ಅದು ಬೇಟೆಗೆ ಸಿಕ್ಕದ ಹಾಗೆ ಓಡಿ ಬದುಕಿದ ಪ್ರಾಣಿ. ಸುತ್ತ ಏನು ಅಲುಗಾಡಿದರೂ ಅದಕ್ಕೆ ಗೊತ್ತಾಗುತ್ತದೆ. ಮಗು ಕೂಗಿದರೆ, ಓಡಿದರೆ, ಒರಟಾಗಿ ಮುಟ್ಟಿದರೆ ಅಲ್ಲೇ ಉತ್ತರ ಸಿಗುತ್ತದೆ. ನಾವು ನೂರು ಸಲ "ಸುಮ್ನಿರು" ಅಂದರೂ ಕೇಳದ ಹುಡುಗ ಕುದುರೆ ಮುಂದೆ ತಾನೇ ದನಿ ತಗ್ಗಿಸುತ್ತಾನೆ.

ಕುದುರೆ ಕೊಳ್ಳಬೇಡಿ, ಕುದುರೆ ಇರುವವರನ್ನು ಹುಡುಕಿ

ಇದು ಮೊದಲ ಹೆಜ್ಜೆ. ಕುದುರೆ 25 ರಿಂದ 30 ವರ್ಷ ಬದುಕುವ ಪ್ರಾಣಿ. ಮಕ್ಕಳ ಒಂದು ಬೇಸಿಗೆ ರಜೆಗೋಸ್ಕರ ಅಷ್ಟು ವರ್ಷದ ಜವಾಬ್ದಾರಿ ತಲೆ ಮೇಲೆ ಹೊತ್ತುಕೊಳ್ಳಬೇಡಿ. ನಮ್ಮ ಕಡೆ ಕುದುರೆಗಳಿಗೆ ಬರವಿಲ್ಲ. ಮದುವೆ ಮೆರವಣಿಗೆಗೆ ಕುದುರೆ ಕೊಡುವವರು ಹೆಚ್ಚುಕಮ್ಮಿ ಪ್ರತಿ ಪಟ್ಟಣದಲ್ಲೂ ಸಿಗುತ್ತಾರೆ. ಬೆಂಗಳೂರಿನ ರೇಸ್ ಬಿಟ್ಟು ಬಂದ ಕುದುರೆಗಳನ್ನು ತೋಟಗಳಲ್ಲಿ ಸಾಕುವವರೂ ಇದ್ದಾರೆ. ತುಮಕೂರು ಜಿಲ್ಲೆಗೆ ಕುದುರೆ ಹೊಸದೇನೂ ಅಲ್ಲ. ಕುಣಿಗಲ್‌ನ ಸ್ಟಡ್ ಫಾರ್ಮ್ ಟಿಪ್ಪು ಸುಲ್ತಾನನ ಕಾಲದಲ್ಲಿ ಸೈನ್ಯದ ಕುದುರೆ ಬೆಳೆಸಲು ಶುರುವಾದ ಜಾಗ, ಆಮೇಲೆ ರೇಸ್ ಕುದುರೆಗಳಿಗೆ ಹೆಸರಾಯಿತು. ಮಕ್ಕಳಿಗೆ ಈ ಕಥೆ ಹೇಳಿ. ತಮ್ಮ ಊರಿನ ಹುಲ್ಲು ತಿಂದು ಸೈನ್ಯದ ಕುದುರೆಗಳು ಬೆಳೆದವು ಅಂದರೆ ಅವರಿಗೆ ಆ ಹುಲ್ಲಿನ ಮೇಲೆ ಬೇರೆಯೇ ಗೌರವ ಬರುತ್ತದೆ.

ಕುದುರೆಯವರ ಜೊತೆ ಮಾತಾಡುವಾಗ ದುಡ್ಡಿನ ವಿಷಯ ಮೊದಲೇ ಸ್ಪಷ್ಟ ಮಾಡಿಕೊಳ್ಳಿ. ಮದುವೆ ಸೀಸನ್ ಇಲ್ಲದ ತಿಂಗಳುಗಳಲ್ಲಿ ಅವರಿಗೆ ಆದಾಯ ಕಮ್ಮಿ, ಮೇವಿನ ಖರ್ಚು ಮಾತ್ರ ಹಾಗೇ ಇರುತ್ತದೆ. ಆಷಾಢದಲ್ಲಿ ನೀವು ಹೋಗಿ ಕೇಳಿದರೆ ಖುಷಿಯಿಂದ ಒಪ್ಪುತ್ತಾರೆ. ಬೆಳಗಿನ ಹೊತ್ತಿನ ಕೆಲಸಕ್ಕೆ ಇಷ್ಟು ಅಂತ ಸರಿಯಾದ ಸಂಬಳವನ್ನೇ ಕೊಡಿ. ಮಕ್ಕಳು ಅವರನ್ನು ಅಣ್ಣ ಅಂತಲೋ ಮಾವ ಅಂತಲೋ ಕರೆಯಲಿ. ಇಲ್ಲಿ ಕಲಿಸುವವರು ಅವರೇ, ನಾವಲ್ಲ.

ಯಾವ ಕುದುರೆ ಆಗುತ್ತದೆ

ಹತ್ತು ವರ್ಷ ದಾಟಿದ, ಸಮಾಧಾನದ, ಸಣ್ಣ ಗಾತ್ರದ ಕುದುರೆ ಒಳ್ಳೆಯದು. ಹೆಣ್ಣು ಕುದುರೆಯೋ ಬೀಜ ತೆಗೆಸಿದ ಗಂಡೋ ಇರಲಿ. ಬೀಜದ ಗಂಡು ಕುದುರೆ ಎಷ್ಟೇ ಸಾಧು ಅಂತ ಹೇಳಿದರೂ ಮಕ್ಕಳ ಹತ್ತಿರಕ್ಕೆ ಬೇಡ. ರೇಸ್‌ನಿಂದ ಬಂದ ಕುದುರೆಗಳು ನೋಡಲು ಚಂದ, ಆದರೆ ಸೂಕ್ಷ್ಮ. ಚಿಕ್ಕ ಸದ್ದಿಗೂ ಬೆಚ್ಚುವುದುಂಟು. ಅನುಭವಿ ಕೈಯಲ್ಲಿ ವರ್ಷಗಟ್ಟಲೆ ಪಳಗಿದ್ದರೆ ಮಾತ್ರ ಯೋಚಿಸಿ. ನನ್ನ ಮತ ಮದುವೆ ಕುದುರೆಗೆ. ಬ್ಯಾಂಡ್, ಪಟಾಕಿ, ಜನರೇಟರ್, ಜನಜಂಗುಳಿ ಎಲ್ಲ ಕಂಡ ಕುದುರೆ ಮಕ್ಕಳ ಗಲಾಟೆಗೆ ಬೇಗ ಹೆದರುವುದಿಲ್ಲ.

ನೋಡಲು ಹೋದಾಗ ಸುಮ್ನೆ ಹಲ್ಲು ನೋಡಿ ಬರಬೇಡಿ. ನಡೆಸಿ ನೋಡಿ, ಕುಂಟು ಇದೆಯಾ ಅಂತ. ನಾಲ್ಕೂ ಗೊರಸು ಎತ್ತಿಸಿ ನೋಡಿ. ಪಕ್ಕದಲ್ಲಿ ಛತ್ರಿ ಬಿಚ್ಚಿ, ಪ್ಲಾಸ್ಟಿಕ್ ಕವರ್ ಸದ್ದು ಮಾಡಿ, ಅದು ಹೇಗೆ ನಡೆದುಕೊಳ್ಳುತ್ತದೆ ನೋಡಿ. ಬೆನ್ನ ಮೇಲೆ ಜೀನಿನ ಗಾಯ ಇದ್ದರೆ, ಪಕ್ಕೆಲುಬು ಎದ್ದು ಕಾಣುತ್ತಿದ್ದರೆ ಮೊದಲು ಅದಕ್ಕೆ ಆರೈಕೆ ಆಗಲಿ, ಮಕ್ಕಳು ಆಮೇಲೆ. ಪಶುವೈದ್ಯರಿಂದ ಒಂದು ಸಲ ತಪಾಸಣೆ ಮಾಡಿಸಿ. ಕುದುರೆಯಿಂದ ಮನುಷ್ಯರಿಗೂ ಬರಬಹುದಾದ ಗ್ಲ್ಯಾಂಡರ್ಸ್ ಎಂಬ ರೋಗವಿದೆ. ಅದರ ರಕ್ತಪರೀಕ್ಷೆ ಬಗ್ಗೆ ಅವರನ್ನೇ ಕೇಳಿ.

ಜಾಗ ಸಿದ್ಧ ಮಾಡುವುದು

ನೆರಳು ಬೇಕು. ಹೊಂಗೆ ಮರವೋ ಹುಣಸೆ ಮರವೋ ಇದ್ದರೆ ಸಾಕು. ಮುಳ್ಳುತಂತಿ ಬೇಲಿ ಮಾತ್ರ ಬೇಡ. ಕುದುರೆ ಬೆಚ್ಚಿ ಅದಕ್ಕೆ ನುಗ್ಗಿದರೆ ಚರ್ಮ ಸೀಳಿಹೋಗುತ್ತದೆ. ಗಳ ಕಟ್ಟಿದ ಬೇಲಿ ಒಳ್ಳೆಯದು.

ಆಮೇಲೆ ಬೇಲಿಯ ಒಳಗೂ ಹೊರಗೂ ಒಂದು ಸುತ್ತು ಹಾಕಿ. ಕಣಗಿಲೆ ಇದ್ದರೆ ಬೇರುಸಮೇತ ಕಿತ್ತುಹಾಕಿ, ಸ್ವಲ್ಪ ಎಲೆ ತಿಂದರೂ ಕುದುರೆ ಸಾಯುತ್ತದೆ. ಲಂಟಾನ, ಉಮ್ಮತ್ತಿ, ಹರಳು ಗಿಡ, ಪಾರ್ಥೇನಿಯಂ ಕೂಡ ಇರಬಾರದು. ಸುಬಾಬುಲ್ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲ. ಮೇಕೆಗೆ ಹಾಕುತ್ತೇವಲ್ಲ ಅಂತ ಕುದುರೆಗೂ ಹಾಕುತ್ತಾರೆ. ಅದನ್ನು ಜಾಸ್ತಿ ತಿಂದರೆ ಕುದುರೆಯ ಬಾಲದ ಕೂದಲು, ಕುತ್ತಿಗೆಯ ಕೂದಲು ಉದುರುತ್ತದೆ. ಈ ಗಿಡ ಹುಡುಕುವ ಕೆಲಸವನ್ನು ದೊಡ್ಡ ಮಕ್ಕಳಿಗೇ ಕೊಡಿ. ಯಾವ ಗಿಡ ಯಾರಿಗೆ ವಿಷ, ಯಾರಿಗೆ ಮೇವು ಅನ್ನುವುದು ಒಂದೇ ಬೆಳಿಗ್ಗೆಯಲ್ಲಿ ಅವರಿಗೆ ಬಾಯಿಪಾಠವಾಗುತ್ತದೆ. ಕಿತ್ತ ಮೇಲೆ ಕೈ ತೊಳೆಸಲು ಮರೆಯಬೇಡಿ.

ಮಕ್ಕಳ ಕಡೆಯಿಂದ ಬೇಕಾದದ್ದು ಸ್ವಲ್ಪವೇ. ಧನುರ್ವಾಯು ಲಸಿಕೆ ಆಗಿರಬೇಕು, ಯಾಕೆಂದರೆ ಆ ರೋಗಾಣು ಕುದುರೆ ಲದ್ದಿಯಲ್ಲಿ, ಲಾಯದ ಮಣ್ಣಿನಲ್ಲಿ ಇರುತ್ತದೆ. ಸರ್ಕಾರಿ ಲಸಿಕೆ ಪಟ್ಟಿಯಲ್ಲಿ 10 ಮತ್ತು 16ನೇ ವಯಸ್ಸಿಗೆ ಇದು ಉಚಿತವಾಗಿ ಸಿಗುತ್ತದೆ. ಕಾಲಿಗೆ ಶೂ, ಚಪ್ಪಲಿ ಅಲ್ಲ. ಎಂಟು ವರ್ಷದೊಳಗಿನ ಮಗುವಿಗೆ ಒಬ್ಬರು ದೊಡ್ಡವರು ಜೊತೆಗಿರಲೇಬೇಕು. ಒಂದು ಕುದುರೆಗೆ ಒಂದು ಹೊತ್ತಿಗೆ ಐದಾರು ಮಕ್ಕಳಿಗಿಂತ ಜಾಸ್ತಿ ಬೇಡ.

ಬೆಳಿಗ್ಗೆ ಆರೂವರೆಗೆ ಶುರು ಮಾಡಿ, ಒಂಬತ್ತಕ್ಕೆ ಮುಗಿಸಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು ಕುದುರೆಗೂ ಕಷ್ಟ, ಮಕ್ಕಳಿಗೂ ಕಷ್ಟ.

ಮೊದಲ ದಿನ ಮುಟ್ಟುವುದಿಲ್ಲ

ಮಕ್ಕಳನ್ನು ಬೇಲಿಯ ಹೊರಗೆ ಕೂರಿಸಿ. ಹತ್ತು ನಿಮಿಷ ಮಾತಿಲ್ಲ. ಕಿವಿ ಮಾತ್ರ ನೋಡಿ ಅಂತ ಹೇಳಿ. ಕುದುರೆಯ ಎರಡು ಕಿವಿ ಬೇರೆ ಬೇರೆ ಕಡೆ ತಿರುಗುತ್ತವೆ. ಒಂದು ನಮ್ಮ ಕಡೆ, ಇನ್ನೊಂದು ದೂರದಲ್ಲಿ ಬರುತ್ತಿರುವ ಟ್ರ್ಯಾಕ್ಟರ್ ಕಡೆ. ಕಿವಿ ತಿರುಗಿದ ಕಡೆ ಏನಿದೆ ಹೇಳಿ ಅಂದರೆ ಮಕ್ಕಳು ಆ ದಿನ ಕಾಜಾಣದ ಕೂಗು ಕೇಳಿಸಿಕೊಳ್ಳುತ್ತಾರೆ, ತೆಂಗಿನ ಗರಿ ಬಿದ್ದದ್ದು ಕೇಳಿಸಿಕೊಳ್ಳುತ್ತಾರೆ. ಎರಡೂ ಕಿವಿ ಹಿಂದಕ್ಕೆ ಒತ್ತಿ ಮಲಗಿದ್ದರೆ ಅದಕ್ಕೆ ಸಿಟ್ಟು ಬಂದಿದೆ, ದೂರ ಇರಬೇಕು ಅಂತ ಅರ್ಥ. ಈ ಒಂದು ವಿಷಯ ಮಾತ್ರ ಪ್ರತಿ ಮಗುವಿಗೂ ಗೊತ್ತಿರಲೇಬೇಕು.

ಕಣ್ಣು ಪಕ್ಕದಲ್ಲಿರುವುದರಿಂದ ಕುದುರೆಗೆ ಹೆಚ್ಚುಕಮ್ಮಿ ಸುತ್ತಲೂ ಕಾಣುತ್ತದೆ, 350 ಡಿಗ್ರಿ ಹತ್ತಿರ. ಕಾಣದಿರುವುದು ಮುಖ್ಯವಾಗಿ ಎರಡು ಜಾಗ: ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ. ಆದ್ದರಿಂದ ಭುಜದ ಕಡೆಯಿಂದ, ಮಾತಾಡಿಸುತ್ತಾ ಹೋಗಬೇಕು. ಹಿಂದೆ ನಿಲ್ಲುವುದು ಬೇಡವೇ ಬೇಡ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಇದನ್ನು ದಿನವೂ ಹೇಳಿ. ತನ್ನ ಬಾಯಿ ಮುಂದೆ ಇರುವುದೂ ಕುದುರೆಗೆ ಕಾಣುವುದಿಲ್ಲ, ತುಟಿಯಿಂದಲೂ ಮೂತಿಯ ಉದ್ದ ಕೂದಲಿನಿಂದಲೂ ತಡವಿ ತಿಳಿದುಕೊಳ್ಳುತ್ತದೆ. ಅದಕ್ಕೇ ಮೊದಮೊದಲು ತಿನಿಸನ್ನು ಕೈಯಲ್ಲಿ ಕೊಡಿಸಬೇಡಿ, ಬಕೆಟ್‌ನಲ್ಲಿ ಕೊಡಿಸಿ. ಅಭ್ಯಾಸವಾದ ಮೇಲೆ ಅಂಗೈ ಚಪ್ಪಟೆ ಹಿಡಿದು ಕೊಡಲಿ.

ಎರಡನೇ ದಿನದಿಂದ ಮೈ ಉಜ್ಜುವುದು, ಗೊರಸಿನ ಮಣ್ಣು ತೆಗೆಯುವುದನ್ನು ನೋಡುವುದು. ಆಟದ ಸ್ಟೆತೊಸ್ಕೋಪ್ ಇದ್ದರೆ ತನ್ನಿ, ಎಡ ಮುಂಗಾಲಿನ ಮೊಣಕೈ ಹಿಂದೆ ಇಟ್ಟು ಎದೆಬಡಿತ ಎಣಿಸಲಿ. ಸುಮ್ಮನೆ ನಿಂತ ಕುದುರೆಯ ಎದೆ ನಿಮಿಷಕ್ಕೆ 28 ರಿಂದ 44 ಸಲ ಬಡಿಯುತ್ತದೆ. ಆಮೇಲೆ ತಮ್ಮದನ್ನು ಎಣಿಸಿಕೊಳ್ಳಲಿ. ಅಷ್ಟು ದೊಡ್ಡ ಪ್ರಾಣಿಯ ಎದೆ ತಮ್ಮದಕ್ಕಿಂತ ಎಷ್ಟು ನಿಧಾನ ಅಂತ ಗೊತ್ತಾದಾಗ ಅವರ ಮುಖ ನೋಡಬೇಕು.

ನೀರು ಹೊರುವುದು

ಕುದುರೆ ದಿನಕ್ಕೆ 25 ರಿಂದ 40 ಲೀಟರ್ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಪೈಪ್ ಇದ್ದರೂ ಒಂದು ವಾರ ಆ ನೀರನ್ನು ಮಕ್ಕಳೇ ಸಣ್ಣ ಬಕೆಟ್‌ನಲ್ಲಿ ಹೊತ್ತು ತುಂಬಲಿ. ಎಷ್ಟು ಬಕೆಟ್ ಆಯಿತು ಅಂತ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಲಿ. ಪಕ್ಕದಲ್ಲೇ ತಮ್ಮ ಮನೆಯ ಸ್ನಾನದ ನೀರಿನ ಲೆಕ್ಕ ಬರೆಯಲಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆ ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ. ಸಾವಿರ ಅಡಿ ಕೊರೆದರೂ ನೀರು ಸಿಗುತ್ತೋ ಇಲ್ಲವೋ ಅಂತ ಅಪ್ಪ ಅಮ್ಮ ಮಾತಾಡುವುದನ್ನು ಮಕ್ಕಳು ಕೇಳಿರುತ್ತಾರೆ. ಆ ಮಾತಿನ ತೂಕ ಗೊತ್ತಾಗುವುದು ಬಕೆಟ್ ಹೊತ್ತ ಮೇಲೆಯೇ. ಯಾರೂ ಭಾಷಣ ಮಾಡಬೇಕಾಗಿಲ್ಲ.

ಮೇವಿನಲ್ಲೂ ಹಾಗೇ. 300 ಕೆ.ಜಿ. ತೂಗುವ ಸಣ್ಣ ಕುದುರೆಗೆ ದಿನಕ್ಕೆ ಐದಾರು ಕೆ.ಜಿ. ಒಣ ಹುಲ್ಲು ಬೇಕು. ಒಂದೇ ಸಲ ಅಲ್ಲ, ಸ್ವಲ್ಪ ಸ್ವಲ್ಪವಾಗಿ. ಬಯಲಿನಲ್ಲಿ ಬಿಟ್ಟರೆ ಕುದುರೆ ದಿನದ 14 ರಿಂದ 16 ಗಂಟೆ ಮೇಯುತ್ತದೆ. ಅದರ ಹೊಟ್ಟೆಚೀಲ ಚಿಕ್ಕದು, ತಿಂದದ್ದನ್ನು ವಾಂತಿ ಮಾಡಲು ಅದಕ್ಕೆ ಆಗುವುದಿಲ್ಲ. ಮಕ್ಕಳು ಮನೆಯಿಂದ ತಂದ ಬನ್ನು, ಬಿಸ್ಕತ್ತು, ಉಳಿದ ಅನ್ನ ಯಾವುದೂ ಬೇಡ. ಗರಿಕೆ ಹುಲ್ಲು ಕಿತ್ತು ತರಲಿ, ಕುದುರೆಗೆ ಅದು ಬಹಳ ಇಷ್ಟ. ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಅನ್ನುವ ಮೇವಿನ ಬೆಳೆ) ಬೆಳೆಯುವ ರೈತರು ಹತ್ತಿರ ಇದ್ದರೆ ಅವರ ಹೊಲಕ್ಕೆ ಒಂದು ದಿನ ಕರೆದುಕೊಂಡು ಹೋಗಿ.

ಲದ್ದಿ

ಇದೇ ನನಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಆದ್ದರಿಂದ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಒಂದು ಕುದುರೆ ದಿನಕ್ಕೆ ಸುಮಾರು 15 ರಿಂದ 20 ಕೆ.ಜಿ. ಲದ್ದಿ ಹಾಕುತ್ತದೆ. ಮೊದಲ ದಿನ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ. ಒಂದು ಕಡ್ಡಿ ಕೊಟ್ಟು ಒಣಗಿದ ಲದ್ದಿ ಉಂಡೆಯನ್ನು ಬಿಡಿಸಿ ನೋಡಲು ಹೇಳಿ. ಒಳಗೆ ಕಾಣುವುದು ಹುಲ್ಲೇ. ಹಸು ಮೆಲುಕು ಹಾಕಿ ಹುಲ್ಲನ್ನು ನುಣ್ಣಗೆ ಮಾಡುತ್ತದೆ, ಕುದುರೆ ಮೆಲುಕು ಹಾಕುವುದಿಲ್ಲ. ಅದರ ಹುಲ್ಲು ದೊಡ್ಡ ಕರುಳಿನಲ್ಲಿ ಕೊಳೆತು ಜೀರ್ಣವಾಗುತ್ತದೆ, ನಾರು ಅರ್ಧಂಬರ್ಧ ಹಾಗೇ ಹೊರಗೆ ಬರುತ್ತದೆ. ಸಗಣಿ ಯಾಕೆ ಮುದ್ದೆ, ಲದ್ದಿ ಯಾಕೆ ಉಂಡೆ ಅನ್ನುವುದಕ್ಕೆ ಉತ್ತರ ಅವರ ಕಡ್ಡಿಯ ತುದಿಯಲ್ಲೇ ಸಿಗುತ್ತದೆ.

ಒಂದು ಲದ್ದಿ ಗುಡ್ಡೆಯನ್ನು ಬೇಲಿ ಮೂಲೆಯಲ್ಲಿ ಮುಟ್ಟದೆ ಬಿಡಿ. ಮಳೆ ಬಿದ್ದ ತಿಂಗಳಾದರೆ ಸ್ವಲ್ಪ ಹೊತ್ತಿನಲ್ಲೇ ಸಗಣಿ ಹುಳುಗಳು ಬರುತ್ತವೆ. ಕೆಲವು ಉಂಡೆ ಕಟ್ಟಿ ಹಿಂಗಾಲಿನಲ್ಲಿ ಉರುಳಿಸಿಕೊಂಡು ಹೋಗುತ್ತವೆ, ಕೆಲವು ಅಲ್ಲೇ ಕೆಳಗೆ ಮಣ್ಣು ಕೊರೆದು ಒಳಗೆ ಎಳೆದುಕೊಳ್ಳುತ್ತವೆ. ಹುಳು ಹುಡುಕಿಕೊಂಡು ಗೊರವಂಕ, ಬೆಳ್ಳಕ್ಕಿ ಬರುತ್ತವೆ. ಮಕ್ಕಳು ಮೊಣಕಾಲೂರಿ ಕೂತುಬಿಡುತ್ತಾರೆ, ಮೂಗು ಮುಚ್ಚಿಕೊಂಡವರೂ ಕೂಡ. ಒಂದು ಎಚ್ಚರಿಕೆ: ಕುದುರೆಗೆ ಜಂತುಹುಳುವಿನ ಔಷಧಿ, ಮುಖ್ಯವಾಗಿ ಐವರ್‌ಮೆಕ್ಟಿನ್ ಕೊಟ್ಟಿದ್ದರೆ, ಆಮೇಲಿನ ಕೆಲವು ವಾರದ ಲದ್ದಿಯಲ್ಲಿ ಅದರ ಅಂಶ ಇರುತ್ತದೆ, ಸಗಣಿ ಹುಳುಗಳ ಮರಿಗಳಿಗೆ ಅದು ವಿಷ. ಆ ಲದ್ದಿಯನ್ನು ಬಯಲಲ್ಲಿ ಬಿಡದೆ ಬೇರೆಯೇ ಗುಡ್ಡೆ ಹಾಕಿ ಕೊಳೆಸಿ. ಔಷಧಿಯನ್ನೂ ಸುಮ್ನೆ ಲೆಕ್ಕಕ್ಕೆ ಅಂತ ಕೊಡದೆ, ಲದ್ದಿ ಪರೀಕ್ಷೆ ಮಾಡಿಸಿ, ಬೇಕಿದ್ದರೆ ಮಾತ್ರ ಕೊಡಿಸಿ.

ಈಗ ಗೊಬ್ಬರ. ಹಸಿ ಲದ್ದಿಯನ್ನು ನೇರ ಗಿಡಕ್ಕೆ ಹಾಕಬಾರದು, ಬೇರು ಸುಡುತ್ತದೆ, ಸೊಪ್ಪಿನ ಮೇಲೆ ರೋಗಾಣು ಉಳಿಯುತ್ತದೆ. ಲಾಯದಲ್ಲಿ ಹಾಸಿದ ಹುಲ್ಲು, ಒಣ ಎಲೆ ಸೇರಿಸಿ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ಗುಡ್ಡೆ ಮಾಡಿ. ಒಂದು ಕುದುರೆಯ ಮೂರ್ನಾಲ್ಕು ವಾರದ ಲದ್ದಿಗೆ ಅಷ್ಟಾಗುತ್ತದೆ. ಇದಕ್ಕಿಂತ ಚಿಕ್ಕದಾದರೆ ಬಿಸಿ ಏರುವುದಿಲ್ಲ. ತೇವ ನೋಡುವುದು ಹೀಗೆ: ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಬರಬೇಕು, ನೀರು ಸುರಿಯಬಾರದು.

ಮೂರ್ನಾಲ್ಕು ದಿನ ಬಿಟ್ಟು ಒಂದು ಕಬ್ಬಿಣದ ಹಾರೆಯನ್ನು ಗುಡ್ಡೆಯ ನಡುವಿಗೆ ಚುಚ್ಚಿ. ಐದು ನಿಮಿಷ ಬಿಟ್ಟು ಹೊರಗೆ ಎಳೆಯಿರಿ. ಮೊದಲು ದೊಡ್ಡವರು ಮುಟ್ಟಿ ನೋಡಿ, ಆಮೇಲೆ ಮಕ್ಕಳ ಬೆರಳಿಗೆ ತಾಗಿಸಿ. ಒಲೆಯಿಲ್ಲ, ಬೆಂಕಿಯಿಲ್ಲ, ಹಾರೆ ಬಿಸಿ! ಒಳಗೆ 55 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಕಣ್ಣಿಗೆ ಕಾಣದ ಜೀವಿಗಳು ತಿಂದು ಉಸಿರಾಡಿ ಹುಟ್ಟಿಸಿದ ಬಿಸಿ ಅದು. ಕಳೆಬೀಜ, ಜಂತುಹುಳುವಿನ ಮೊಟ್ಟೆ ಎಲ್ಲ ಆ ಬಿಸಿಗೇ ಸಾಯುತ್ತವೆ. ಅಂಚಿನಲ್ಲಿರುವುದು ತಣ್ಣಗಿರುತ್ತದೆ, ಅದಕ್ಕೇ ವಾರಕ್ಕೊಮ್ಮೆ ಹೊರಗಿನದನ್ನು ಒಳಕ್ಕೆ, ಒಳಗಿನದನ್ನು ಹೊರಕ್ಕೆ ಮಗುಚಬೇಕು. ಡಿಸೆಂಬರ್ ಬೆಳಿಗ್ಗೆ ಮಗುಚಿದರೆ ಹಬೆ ಎದ್ದು ಕಾಣುತ್ತದೆ. ಎರಡು ಮೂರು ತಿಂಗಳಿಗೆ ಗೊಬ್ಬರ ಕಪ್ಪಗೆ ಉದುರುದುರಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಲದ್ದಿ ವಾಸನೆ ಇನ್ನೂ ಇದೆ ಅಂದರೆ ಆಗಿಲ್ಲ ಅಂತ ಲೆಕ್ಕ, ಕಾಯಿರಿ.

ಒಂದು ಮಡಿ ಸೊಪ್ಪು, ಒಂದು ಪಟ್ಟೆ ಹುರುಳಿ

ಮಕ್ಕಳಿಗೆ ಬೇಗ ಫಲ ಕಾಣಬೇಕು. ಗೊಬ್ಬರ ಬೆರೆಸಿದ ಮಡಿಯಲ್ಲಿ ಮೆಂತ್ಯ, ದಂಟು ಹಾಕಿ. ಒಂದು ತಿಂಗಳಿಗೆ ಕೊಯ್ಲು. ಹೊಸ ಗೊಬ್ಬರ ಇನ್ನೂ ಆಗಿಲ್ಲದಿದ್ದರೆ ಕುದುರೆಯವರ ಹತ್ತಿರ ಹಳೆಯ ಗುಡ್ಡೆ ಇದ್ದೇ ಇರುತ್ತದೆ, ಅದನ್ನೇ ಕೇಳಿ ತನ್ನಿ.

ಹುರುಳಿಗೆ ಕಾಲ ಬೇರೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಒಳಗೆ ಬಿತ್ತಬೇಕು, ಮೂರು ಮೂರೂವರೆ ತಿಂಗಳಿಗೆ ಬರುತ್ತದೆ. ಹುರುಳಿಗೆ ಜಾಸ್ತಿ ಗೊಬ್ಬರ ಹಾಕಬೇಡಿ, ಬಳ್ಳಿ ಸೊಪ್ಪೇ ಆಗಿ ಕಾಯಿ ಕಮ್ಮಿಯಾಗುತ್ತದೆ. ಕೆಂಪು ಮಣ್ಣಿನ ಬಡ ಜಾಗವೇ ಸಾಕು. ಕಮ್ಮಿ ಮಳೆಯಲ್ಲೂ ಬರುವ ಬೆಳೆ, ಬೇರಿನಲ್ಲಿ ಸಾರಜನಕ ಕಟ್ಟಿ ಮಣ್ಣಿಗೇ ಬಿಟ್ಟುಹೋಗುತ್ತದೆ. ಒಂದು ಗಿಡ ಕಿತ್ತು ಬೇರಿನ ಗಂಟು ತೋರಿಸಿ.

ಒಕ್ಕಿದ ದಿನ ಹಬ್ಬದ ಹಾಗಿರಲಿ. ಒಂದು ಪಾತ್ರೆ ಹುರುಳಿ ನೆನೆಸಿ ಬೇಯಿಸಿ. ಬೆಂದ ಕಾಳಿನಲ್ಲಿ ಒಂದೆರಡು ಹಿಡಿ, ಉಪ್ಪು ಖಾರ ಏನೂ ಇಲ್ಲದೆ, ತಣಿಸಿ ಕುದುರೆಯ ಮೇವಿಗೆ ಬೆರೆಸಲಿ. ಹಸಿ ಕಾಳು ಕೊಡಬೇಡಿ, ಬೆಂದದ್ದನ್ನೂ ಜಾಸ್ತಿ ಕೊಡಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಕಟ್ಟು ಬಸಿದು ಬಸ್ಸಾರು ಮಾಡಿ, ಉಳಿದ ಕಾಳಿನ ಪಲ್ಯ ಮಾಡಿ, ರಾಗಿ ಮುದ್ದೆ ಜೊತೆ ಮಕ್ಕಳು ಅಲ್ಲೇ ಕೂತು ಉಣ್ಣಲಿ. ಪಲ್ಯ ಅಂದರೆ ಮುಖ ತಿರುಗಿಸುವ ಮಗು ತಾನೇ ಬೆಳೆದ ಹುರುಳಿ ಅಂದರೆ ಬಡಿಸಿಕೊಂಡು ತಿನ್ನುತ್ತದೆ, ನಾನು ಕಂಡ ಹಾಗೆ.

ಕೆರೆ ಏರಿಯವರೆಗೆ ನಡಿಗೆ

ಕುದುರೆಯ ಹಗ್ಗ ಅದರ ಯಜಮಾನರ ಕೈಯಲ್ಲಿ, ಮಕ್ಕಳು ಪಕ್ಕದಲ್ಲಿ ಕಾಲ್ನಡಿಗೆ. ಡಾಂಬರ್ ರಸ್ತೆ ಬಿಟ್ಟು ಹೊಲದ ದಾರಿಯಲ್ಲಿ ಕೆರೆ ಕಡೆ ಹೋಗಿ. ಕುದುರೆ ಯಾವ ಹುಲ್ಲಿಗೆ ಬಾಯಿ ಹಾಕುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ ನೋಡಿಕೊಳ್ಳಲಿ. ಎರಡರದ್ದೂ ಒಂದೊಂದು ಎಲೆ ಪುಸ್ತಕದಲ್ಲಿ ಒತ್ತಿಡಲಿ. ದಾರಿಯಲ್ಲಿ ಪ್ಲಾಸ್ಟಿಕ್ ಕಂಡರೆ ಹೆಕ್ಕಲಿ. ಹುಲ್ಲಿನ ಜೊತೆ ಕವರ್ ಹೊಟ್ಟೆಗೆ ಹೋದರೆ ಕುದುರೆಯ ಕರುಳು ಕಟ್ಟಿಕೊಳ್ಳುತ್ತದೆ ಅಂತ ಹೇಳಿ ಸಾಕು, ಆಮೇಲೆ ಯಾರೂ ಚಾಕೊಲೇಟ್ ಕಾಗದ ಎಸೆಯುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಸವಾರಿ. ಕುದುರೆ ಕಂಡ್ರೆ ಕಾಲು ನೋವು ಅನ್ನುವ ಗಾದೆ ಇದೆಯಲ್ಲ, ಆ ಕಾಲು ನೋವು ವಾಸಿಯಾದ ಮಕ್ಕಳು ಮಾತ್ರ ಹತ್ತಲಿ. ಹೆಲ್ಮೆಟ್ ಹಾಕಿ, ಹಗ್ಗ ಯಜಮಾನರ ಕೈಯಲ್ಲಿರಲಿ, ಹತ್ತು ನಿಮಿಷ ಸಾಕು. ಮಗು ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಪಾಲು ದಾಟಬಾರದು. ಹೆದರುವ ಮಗುವನ್ನು ಬಲವಂತವಾಗಿ ಹತ್ತಿಸಬೇಡಿ.

ಹೊಟ್ಟೆನೋವು ಬಂದರೆ

ಕುದುರೆ ತನ್ನ ಪಕ್ಕೆಯನ್ನು ತಿರುಗಿ ತಿರುಗಿ ನೋಡುತ್ತಿದ್ದರೆ, ಮುಂಗಾಲಿನಿಂದ ನೆಲ ಕೆರೆಯುತ್ತಿದ್ದರೆ, ಮಲಗಿ ಹೊರಳಾಡುತ್ತಿದ್ದರೆ, ಲದ್ದಿ ನಿಂತಿದ್ದರೆ ಅದು ಹೊಟ್ಟೆನೋವು. ಕುದುರೆಗಳ ಜೀವ ತೆಗೆಯುವುದು ಬಹಳ ಸಲ ಇದೇ. ಮೇವು ತೆಗೆದುಬಿಡಿ, ಮಕ್ಕಳನ್ನು ದೂರ ಕಳಿಸಿ, ತಡ ಮಾಡದೆ ಪಶುವೈದ್ಯರನ್ನು ಕರೆಸಿ. 1962ಕ್ಕೆ ಫೋನ್ ಮಾಡಿದರೆ ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನ ಸಿಗುತ್ತದೆ. ಈ ನಂಬರನ್ನು ಲಾಯದ ಕಂಬದ ಮೇಲೆ ದೊಡ್ಡದಾಗಿ ಮಕ್ಕಳ ಕೈಯಲ್ಲೇ ಬರೆಸಿ. ಲದ್ದಿ ಬಿದ್ದಿದೆಯಾ ಅಂತ ದಿನಾ ಬೆಳಿಗ್ಗೆ ನೋಡುವ ಅಭ್ಯಾಸ ಮಾಡಿಸಿದರೆ ಈ ತೊಂದರೆ ಮೊದಲು ಕಂಡುಹಿಡಿಯುವುದು ಮಕ್ಕಳೇ.

ರಜೆ ಮುಗಿದ ಮೇಲೆ

ಶಾಲೆ ಶುರುವಾದ ಕೂಡಲೇ ಎಲ್ಲ ನಿಂತುಹೋಗುವುದೇ ಇಂಥ ಕೆಲಸಗಳ ದೊಡ್ಡ ಕೊರತೆ. ಐದಾರು ಮನೆಯವರು ಸೇರಿ ತಿಂಗಳಿಗೆ ಇಷ್ಟು ಅಂತ ಮೇವಿನ ಹಣ ಹಾಕಿ. ಅದರಲ್ಲಿ ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸುವ ಖರ್ಚೂ ಸೇರಿರಲಿ. ಲಾಳ ಹೊಡೆಯುವವರು ಬರುವ ದಿನ ಮಕ್ಕಳೂ ಇರುವ ಹಾಗೆ ನೋಡಿಕೊಳ್ಳಿ. ಬದಲಿಗೆ ಕುದುರೆಯವರಿಂದ ಪ್ರತಿ ಮನೆಗೂ ತಿಂಗಳಿಗೆ ಒಂದು ಚೀಲ ಗೊಬ್ಬರ ಬರಲಿ, ತಾರಸಿಯ ಕುಂಡಕ್ಕಾದರೂ ಸರಿ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಏಳಕ್ಕೆ ಖಾಲಿ ಚೀಲ ಹಿಡಿದು ಮಕ್ಕಳೇ ಹೋಗಿ ತುಂಬಿಕೊಂಡು ಬರಲಿ, ಹೋಗುವಾಗ ದಾರಿಯ ಗರಿಕೆ ಕಿತ್ತುಕೊಂಡು ಹೋಗಲಿ.